ಚದರ ಅಡಿಗೆ ಎಷ್ಟು ಹಸಿರು?

ಹಸಿರು ಕಟ್ಟಡ ಎಂದರೇನು ಎಂಬ ಮಾತು ಬಂದಾಗಲೆಲ್ಲ ಕಟ್ಟಡದ ಕಸುಬಿನಲ್ಲಿರುವ ನಾವು ಸಾಮಗ್ರಿಗಳ ಚರ್ಚೆಗೆ ಇಳಿದುಬಿಡುತ್ತೇವೆ. ಸುಟ್ಟ ಇಟ್ಟಿಗೆಯೋ ಮಣ್ಣಿನ ಇಟ್ಟಿಗೆಯೋ, ಗಾಜು ಒಂದು ಪದರದ್ದೋ ಎರಡು ಪದರದ್ದೋ, ತಾರಸಿಯ ಮೇಲೆ ಎಷ್ಟು ಕಿಲೋವ್ಯಾಟ್ ಸೋಲಾರ್ ಎಂದು ಗಂಟೆಗಟ್ಟಲೆ ವಾದಿಸುವವರು, ಇದನ್ನೆಲ್ಲ ಅಳೆಯುವ ಕೋಲು ಸರಿಯಾಗಿದೆಯೇ ಎಂದು ಕೇಳುವುದು ಅಪರೂಪ. ನನ್ನ ತಕರಾರು ಇರುವುದು ಆ ಕೋಲಿನ ಬಗ್ಗೆಯೇ.

ಕಟ್ಟಡವೊಂದು ವರ್ಷಕ್ಕೆ ಬಳಸುವ ವಿದ್ಯುತ್ತನ್ನು ಅದರ ವಿಸ್ತೀರ್ಣದಿಂದ ಭಾಗಿಸಿ ಅದರ ಗುಣವನ್ನು ನಿರ್ಣಯಿಸುವುದು ಈಗಿನ ರೂಢಿ. ಕಚೇರಿಗಳನ್ನು ಹೋಲಿಸಲು ಇದು ತಕ್ಕಮಟ್ಟಿಗೆ ಸರಿ. ಮನೆಗಳಿಗೆ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. 1200 ಚದರ ಅಡಿಯ ಮನೆಯಲ್ಲಿ ಐವರಿದ್ದು ತಿಂಗಳಿಗೆ 200 ಯೂನಿಟ್ ಬಳಸುತ್ತಾರೆಂದೂ, ಪಕ್ಕದ ರಸ್ತೆಯ 4800 ಚದರ ಅಡಿಯ ಮನೆಯಲ್ಲಿ ಇಬ್ಬರೇ ಇದ್ದು 600 ಯೂನಿಟ್ ಬಳಸುತ್ತಾರೆಂದೂ ಇಟ್ಟುಕೊಳ್ಳಿ. ನೂರು ಚದರ ಅಡಿಗೆ ಮೊದಲನೆಯದು ಸುಮಾರು 17 ಯೂನಿಟ್, ಎರಡನೆಯದು 12.5 ಯೂನಿಟ್; ಹಾಗಾಗಿ ದೊಡ್ಡ ಮನೆಯೇ ಗೆದ್ದಿತು. ತಲೆಗೆ ಹಂಚಿದರೆ ಮಾತ್ರ ಚಿಕ್ಕ ಮನೆಯಲ್ಲಿ 40, ದೊಡ್ಡದರಲ್ಲಿ 300. ವರ್ಷವಿಡೀ ಬೀಗ ಹಾಕಿದ ಅತಿಥಿ ಕೋಣೆಗಳು ಹೆಚ್ಚಿದಷ್ಟೂ ಸೂಚ್ಯಂಕ ಸುಧಾರಿಸುತ್ತ ಹೋಗುವ ಇಂಥ ಅಳತೆಗೆ ಏನೆನ್ನಬೇಕು?

ಈ ತೊಡಕು ಯಾರಿಗೂ ಹೊಳೆದಿರಲಿಲ್ಲವೆಂದಲ್ಲ. ಹಸಿರು ಕಟ್ಟಡಗಳಿಗೆ ಅಂಕ ಹಾಕಿ ಪ್ರಮಾಣಪತ್ರ ಕೊಡುವ ಅಮೆರಿಕದ ಲೀಡ್ ಪದ್ಧತಿಯು ಮನೆಗಳಿಗೆಂದು 2008ರಲ್ಲಿ ಹೊರತಂದ ನಿಯಮಗಳಲ್ಲಿ, ಮಲಗುವ ಕೋಣೆಗಳ ಸಂಖ್ಯೆಗೆ ಹೋಲಿಸಿದರೆ ಅತಿ ದೊಡ್ಡದೆನಿಸುವ ಮನೆ ಅದೇ ದರ್ಜೆಯ ಪ್ರಮಾಣಪತ್ರಕ್ಕೆ ಹೆಚ್ಚು ಅಂಕ ಗಳಿಸಬೇಕು, ಚಿಕ್ಕ ಮನೆಗೆ ಕಡಿಮೆ ಅಂಕ ಸಾಕು ಎಂಬ ಏರ್ಪಾಡಿತ್ತು. ನಮ್ಮ ದೇಶದ ಕೆಲವೆಡೆ ಇದಕ್ಕೆ ತದ್ವಿರುದ್ಧವಾಗಿ, ಹಸಿರು ಪ್ರಮಾಣಪತ್ರ ಪಡೆದವರಿಗೆ ಹೆಚ್ಚುವರಿ ವಿಸ್ತೀರ್ಣ ಕಟ್ಟಲು ಅನುಮತಿಯನ್ನೇ ಬಹುಮಾನವಾಗಿ ಕೊಡುತ್ತಾರೆ. (ಗುತ್ತಿಗೆದಾರರ ದರ, ನನ್ನಂಥವರ ಶುಲ್ಕ ಎಲ್ಲವೂ ಚದರ ಅಡಿಗೆ ಇಷ್ಟು ಎಂದೇ ಇರುವುದರಿಂದ ಯಾರೂ ಗಟ್ಟಿಯಾಗಿ ಆಕ್ಷೇಪಿಸುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.)

ಹಾಗೆಂದು ಪ್ರಮಾಣಪತ್ರಗಳೆಲ್ಲ ಬರೀ ಬೂಟಾಟಿಕೆ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಹೈದರಾಬಾದಿನ ಸೊರಾಬ್ಜಿ ಗೋದ್ರೆಜ್ ಕೇಂದ್ರ 2003ರಲ್ಲಿ ಲೀಡ್‌ನ ಅತ್ಯುನ್ನತ ದರ್ಜೆಯಾದ ಪ್ಲಾಟಿನಂ ಪಡೆದ ಮೇಲೆಯೇ ಇಲ್ಲಿನ ದೊಡ್ಡ ಬಿಲ್ಡರುಗಳು ಇಂಥ ವಿಷಯಗಳಿಗೆ ಕಿವಿಗೊಟ್ಟದ್ದು. ಆಮೇಲೆ ಬಂದ ನಮ್ಮದೇ ದೇಶದ ‘ಗೃಹ’ ಪ್ರಮಾಣಪತ್ರ ಪದ್ಧತಿ ಇಲ್ಲಿನ ಹವಾಮಾನವನ್ನು ಗಣನೆಗೆ ತೆಗೆದುಕೊಂಡಿತು.

ಆದರೂ ಪಟ್ಟಿಯ ಅಂಕಗಳಿಗೆ ಸುಲಭವಾಗಿ ದಕ್ಕದ ಜಾಣ್ಮೆಯೊಂದಿದೆ. ಅದು ಜಾಗಕ್ಕೆ ಸೇರಿದ್ದು. ಬೆಂಗಳೂರಿನಲ್ಲಿ ನೆಲಮಾಳಿಗೆಗೆಂದು ಅಗೆದ ಕೆಂಪು ಮಣ್ಣು ಸಾಮಾನ್ಯವಾಗಿ ಲಾರಿಯೇರಿ ಯಾವುದೋ ಕೆರೆಯಂಗಳ ಸೇರುತ್ತದೆ. ಅದೇ ಮಣ್ಣನ್ನು ಸೈಟಿನಲ್ಲೇ ಜರಡಿ ಹಿಡಿದು, ಬೇಕಾದಷ್ಟು ಮರಳು ಬೆರೆಸಿ, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಸೇರಿಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಬಹುದು. ಹದ ನೋಡುವ ಮೇಸ್ತ್ರಿ ತೇವದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಕೈಬಿಡುತ್ತಾನೆ: ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು, ನಾಲ್ಕಾರು ಹೋಳಾದರೆ ಯಂತ್ರಕ್ಕೆ ಸುರಿಯಬಹುದು. ಒತ್ತಿದ ಇಟ್ಟಿಗೆಯನ್ನು ಸುಡುವ ಮಾತೇ ಇಲ್ಲ. ಗೋಣಿ ಹೊದಿಸಿ ಮೂರು ವಾರ ನೀರು ಚಿಮುಕಿಸಿದರಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ಕೆ. ಎಸ್. ಜಗದೀಶ್ ಮತ್ತವರ ಸಂಗಡಿಗರು ದಶಕಗಳ ಕಾಲ ಬೆಳೆಸಿದ ವಿದ್ಯೆ ಇದು. ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಕಾಲುಭಾಗದಷ್ಟೇ ಇದಕ್ಕೆ ಸಾಕೆಂದು ಅವರು ಲೆಕ್ಕ ಹಾಕಿದ್ದಾರೆ. ಆದರೆ ಇದನ್ನೇ ಮಂತ್ರವೆಂದುಕೊಂಡು ವಿಜಯಪುರದ ಎರೆಮಣ್ಣಿನಲ್ಲಿ ಪ್ರಯೋಗಿಸಹೊರಟರೆ, ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣು ಸುಣ್ಣವಿಲ್ಲದೆ ಮಾತು ಕೇಳುವುದಿಲ್ಲ. ಬೆಂಗಳೂರಿನ ಮಣ್ಣಿನ ಇಟ್ಟಿಗೆಯನ್ನು ಅಲ್ಲಿಗೆ ಲಾರಿಯಲ್ಲಿ ಸಾಗಿಸಿದರೆ ಉಳಿತಾಯದ ಬಹುಪಾಲು ಡೀಸೆಲ್ಲಿಗೇ ಹೋಗುತ್ತದೆ.

ಜಾಗಕ್ಕೆ ತಕ್ಕ ಉತ್ತರಕ್ಕೆ ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಟ್ಟಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ನಿವೇಶನದ ದಕ್ಷಿಣಕ್ಕೆ ನಾರುವ ಮೋರಿ. ವಾಸ್ತುಶಿಲ್ಪಿ ಸಂಜಯ್ ಮೋಹೆ ಆ ಬದಿಯ ಗೋಡೆಯನ್ನು ಮುಚ್ಚಿ, ಅದಕ್ಕೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಾಗ ಅದರ ಹಿಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದು ಖಾಲಿ ಮಾಡಿದ ಜಾಗಕ್ಕೆ ಉತ್ತರದ ತಂಪು ಗಾಳಿ ಕಚೇರಿಯೊಳಗಿಂದ ಹಾದು ಬರುತ್ತದೆ. ಇದೇ ಊರಿನ ವರ್ತುಲ ರಸ್ತೆಯುದ್ದಕ್ಕೂ ಪಶ್ಚಿಮದ ಬಿಸಿಲಿಗೆ ಗಾಜಿನ ಮೈಯೊಡ್ಡಿ ನಿಂತು, ಬಳಿಕ ದಕ್ಷ ಏಸಿ ಯಂತ್ರಗಳಿಗೆ ಅಂಕ ಪಡೆಯುವ ಕಟ್ಟಡಗಳನ್ನು ಕಂಡಾಗ ನನಗೆ ಸಿಟ್ಟಿಗಿಂತ ಬೇಸರವೇ ಹೆಚ್ಚು.

ಇನ್ನು, ಇರುವ ಮನೆಯನ್ನು ಕೆಡವುವ ವಿಚಾರ. ಮೂವತ್ತು ವರ್ಷದ ಗಟ್ಟಿಮುಟ್ಟಾದ ಮನೆಯನ್ನು ಉರುಳಿಸಿ ಹಸಿರು ಮನೆ ಕಟ್ಟಿಸಬೇಕೆಂದು ಬರುವವರಿಗೆ, ಹಳೆಯ ಅಡಿಪಾಯ, ತೊಲೆ, ಛಾವಣಿಗಳಲ್ಲಿರುವ ಸಿಮೆಂಟು ಮತ್ತು ಉಕ್ಕಿನ ಖರ್ಚು ಆಗಿಹೋದದ್ದೆಂದೂ, ಹೊಸದಾಗಿ ಅಷ್ಟನ್ನೇ ತಂದು ಸುರಿದರೆ ಸೋಲಾರ್ ಫಲಕಗಳು ಅದನ್ನು ತೀರಿಸಲು ವರ್ಷಗಳೇ ಬೇಕೆಂದೂ ನಾನು ವಿವರಿಸುತ್ತೇನೆ. ಆಮೇಲೆ ಮನೆಯಲ್ಲಿ ಎಷ್ಟು ಜನರಿರುತ್ತೀರಿ ಎಂದು ಕೇಳಿ, ಕಳೆದ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲುಗಳನ್ನು ತರಲು ಹೇಳುತ್ತೇನೆ. ಹಲವರು ಬೇರೆ ಎಂಜಿನಿಯರನ್ನು ಹುಡುಕಿಕೊಳ್ಳುತ್ತಾರೆ. ಉಳಿದವರೊಂದಿಗೆ ಕಿಟಕಿಗೆ ಸಜ್ಜಾ ಎಲ್ಲಿ ಬೇಕು, ಪಶ್ಚಿಮದ ಗೋಡೆಗೆ ನೆರಳು ಹೇಗೆ, ಮಳೆನೀರಿನ ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂಬ ಕೆಲಸ ಶುರುವಾಗುತ್ತದೆ.