ಕನ್ನಡಕ ಮರೆತು ರೈಲು ಹತ್ತಿದ ದಿನ

ರೈಲು ನೆಲಮಂಗಲ ದಾಟಿದ ಮೇಲೆ ಬ್ಯಾಗಿಗೆ ಕೈ ಹಾಕಿದೆ. ಪುಸ್ತಕ ಇತ್ತು, ಮೊಸರನ್ನದ ಡಬ್ಬಿ ಇತ್ತು, ಛತ್ರಿ ಇತ್ತು. ಓದುವ ಕನ್ನಡಕ ಇರಲಿಲ್ಲ. ಮೂರು ಸಲ ಹುಡುಕಿದೆ. ಆಮೇಲೆ ಅದು ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಮನೆಯಲ್ಲಿ ಊಟದ ಮೇಜಿನ ಮೇಲೆ, ಕರೆಂಟ್ ಬಿಲ್ಲಿನ ಪಕ್ಕ, ಕಾಲು ಮಡಚಿಕೊಂಡು ಆರಾಮಾಗಿ ಬಿದ್ದಿದೆ.

ಪುತ್ತೂರಿಗೆ ಹೊರಟಿದ್ದೆ, ಚಿಕ್ಕಮ್ಮನ ಮನೆಗೆ. ಜುಲೈ ತಿಂಗಳು. ರಾತ್ರಿ ಬಸ್ಸು ಹತ್ತಿದ್ದರೆ ಬೆಳಗ್ಗೆ ಇಳಿಯಬಹುದಿತ್ತು. ಆದರೂ ಬೇಕಂತಲೇ ಯಶವಂತಪುರದಿಂದ ಬೆಳಗ್ಗೆ ಏಳಕ್ಕೆ ಹೊರಡುವ ಹಗಲು ರೈಲು ಹಿಡಿದಿದ್ದೆ. ಒಂದು ಕಾರಣ ಮಳೆಗಾಲದ ಘಾಟಿ. ಇನ್ನೊಂದು ‘ಬೆಟ್ಟದ ಜೀವ’. ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1943ರಲ್ಲಿ. ಕಥೆ ನಡೆಯುವುದು ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ. ರೈಲು ಘಾಟಿ ಇಳಿಯುವುದೂ ಆ ಕಡೆಗೇ. ಆ ಕಾಡು ಕಿಟಕಿಯ ಆಚೆ ಇರುವಾಗ ಆ ಪುಸ್ತಕ ಮಡಿಲಲ್ಲಿರಬೇಕು ಅನ್ನುವುದು ನನ್ನ ಬಹಳ ವರ್ಷದ ಹುಚ್ಚು. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯಿಂದ ಎತ್ತಿಕೊಂಡ ಪ್ರತಿ ಅದು. ಬೆನ್ನಿಗೆ ಎರಡು ಸಲ ಟೇಪ್ ಅಂಟಿಸಿದ್ದೇನೆ.

ನಲವತ್ತೈದು ದಾಟಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಪುಸ್ತಕವನ್ನು ಕೈ ಚಾಚುವಷ್ಟೂ ದೂರ ಹಿಡಿದೆ. ಅಕ್ಷರಗಳು ಇರುವೆ ಸಾಲಿನ ಹಾಗೆ ಕಂಡವು. ಇನ್ನೂ ದೂರ ಹಿಡಿಯೋಣ ಅಂದರೆ ಎದುರು ಸೀಟಿನ ಹುಡುಗನ ಮೂಗಿಗೆ ತಾಗುತ್ತಿತ್ತು.

ಆ ಹುಡುಗನೇ ಕಿವಿಯಿಂದ ಇಯರ್‌ಫೋನ್ ಕಿತ್ತು, “ಏನು ಬುಕ್ ಆಂಟಿ ಅದು?” ಎಂದ. ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನಂತೆ. ರಟ್ಟು ತೋರಿಸಿದೆ.

“ಸ್ಟೋರಿ ಏನು ಇದ್ರಲ್ಲಿ?”

“ಒಬ್ಬ ಕಾಡಲ್ಲಿ ದಾರಿ ತಪ್ತಾನೆ. ಒಂದು ಮನೆ ಸಿಗುತ್ತೆ. ಗೋಪಾಲಯ್ಯ, ಶಂಕರಮ್ಮ ಅಂತ ವಯಸ್ಸಾದ ಗಂಡ ಹೆಂಡತಿ. ಇವನನ್ನ ಉಳಿಸಿಕೊಳ್ತಾರೆ.”

“ಆಮೇಲೆ?”

“ಸ್ನಾನ ಮಾಡ್ತಾನೆ. ಊಟ ಮಾಡ್ತಾನೆ. ತೋಟ ನೋಡ್ತಾನೆ. ತುಂಬಾ ಮಾತಾಡ್ತಾರೆ.”

“ಆಮೇಲೆ?”

“ಕೆಲವು ದಿನ ಇದ್ದು ಹೊರಡ್ತಾನೆ.”

“ಅಷ್ಟೇನಾ?”

ಪಾಪ, ಅವನು ಮರ್ಯಾದೆಗೆ ನಗಲಿಲ್ಲ. ನನಗೇ ನಾಚಿಕೆಯಾಯಿತು. ನಾಲ್ಕೋ ಐದೋ ಸಲ ಓದಿದ ಪುಸ್ತಕ. ಎಂಎ ಪರೀಕ್ಷೆಯಲ್ಲಿ ಇದರ ಮೇಲೆ ಆರು ಪುಟ ಬರೆದಿದ್ದೇನೆ. ‘ಮಾನವ ಮತ್ತು ಪ್ರಕೃತಿಯ ಸಂಘರ್ಷ’ ಅಂತ ಅಡಿಗೆರೆ ಎಳೆದು ಬರೆದದ್ದು ನೆನಪಿದೆ. ಕೆಳಗೆ ಏನು ಬರೆದೆ ಅನ್ನುವುದು ಒಂದಕ್ಷರವೂ ನೆನಪಿಲ್ಲ. ಮನಸ್ಸಿನಲ್ಲಿ ಉಳಿದದ್ದು ಕತ್ತಲು, ಮಳೆಕಾಡು, ಅದರ ನಡುವೆ ಒಂದು ದೀಪದ ಮನೆ, ಗುರುತಿಲ್ಲದವನಿಗೆ ಸ್ನಾನಕ್ಕೆ ಬಿಸಿನೀರು. ಅಷ್ಟೇ.

ಕನ್ನಡಕ ಇಲ್ಲದ ಮೇಲೆ ಮಾಡುವುದೇನು? ಪುಸ್ತಕ ಮುಚ್ಚಿಟ್ಟು, ಉಳಿದ ಕಾದಂಬರಿಗಳದ್ದೂ ಹೀಗೇನಾ ಅಂತ ಒಂದೊಂದಾಗಿ ನೆನೆಸಿಕೊಳ್ಳತೊಡಗಿದೆ. ‘ಮಲೆಗಳಲ್ಲಿ ಮದುಮಗಳು’ ತಗೊಳ್ಳಿ. ಆ ದಪ್ಪ ಪುಸ್ತಕದಲ್ಲಿ ಎಷ್ಟು ಮನೆಗಳು, ಎಷ್ಟು ಜನ! ಯಾವ ಹೆಗ್ಗಡೆ ಯಾವ ಮನೆಯವರು ಅಂತ ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಆದರೆ ಗುತ್ತಿಯ ನಾಯಿ ಹುಲಿಯ? ಅದು ನಮ್ಮ ಮನೆಯಲ್ಲೇ ಸಾಕಿದ ನಾಯಿ ಅನ್ನುವಷ್ಟು ಸ್ಪಷ್ಟ. ಹೊಳೆಯ ಹತ್ತಿರದ ಆ ಪುಟಗಳು ಬಂದಾಗ ಎರಡನೇ ಸಲ ಓದುವವರೂ ‘ಈ ಸಲವಾದರೂ ಉಳಿಯಲಿ’ ಅಂತ ಅಂದುಕೊಳ್ಳುತ್ತಾರೆ, ನಾನಂತೂ ಅಂದುಕೊಂಡಿದ್ದೇನೆ.

ತೇಜಸ್ವಿಯವರ ‘ಕರ್ವಾಲೊ’ ಅಂದರೆ ಎಲ್ಲರಿಗೂ ಹಾರುವ ಓತಿ. ನನಗೆ ಮಂದಣ್ಣ, ಜೇನು. ಅದನ್ನು ಓದಿದಾಗಿನಿಂದ ಅಂಗಡಿಯಲ್ಲಿ ಜೇನಿನ ಬಾಟಲಿ ಕಂಡರೆ ಸುಮ್ನೆ ಎತ್ತಿ, ಬೆಳಕಿಗೆ ಹಿಡಿದು, ಒಮ್ಮೆ ಮಗುಚಿ ನೋಡುತ್ತೇನೆ. ಒಳಗೆ ಏನು ಕಾಣಬೇಕು ಅಂತ ನನಗೆ ಗೊತ್ತಿಲ್ಲ. ಅಂಗಡಿಯವನು ಮಾತ್ರ ನನ್ನನ್ನು ದೊಡ್ಡ ಪರೀಕ್ಷಕಿ ಅಂದುಕೊಂಡಿದ್ದಾನೆ.

ಕುಣಿಗಲ್, ಶ್ರವಣಬೆಳಗೊಳ, ಹಾಸನ ಇದರಲ್ಲೇ ಕಳೆದವು. ಸಕಲೇಶಪುರದಲ್ಲಿ ಮೋಡ ಕೈಗೆ ಸಿಗುವಷ್ಟು ಕೆಳಗಿತ್ತು. ಕಾಫಿ ಕೊಂಡೆ. ಕಾಫಿ ಬೆಳೆಯುವ ಊರಿನಲ್ಲೇ ಅಷ್ಟು ತೆಳು ಕಾಫಿ ಸಿಗುವುದು ಹೇಗೋ ದೇವರಿಗೇ ಗೊತ್ತು. ಆದರೆ ಬಿಸಿ ಇತ್ತು. ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಕೂತರೆ ಆ ಚಳಿಗೆ ಅದೇ ಸುಖ.

ಇಲ್ಲಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ಐವತ್ತು ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಕೆಳಕ್ಕೆ ಅನ್ನುವಷ್ಟು ಇಳಿಜಾರು. ರೈಲಿಗೆ ಇದು ಬಹಳ ಕಡಿದು. ಎದುರಿನಿಂದ ಹತ್ತುವ ಗಾಡಿಗಳನ್ನು ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಕಟ್ಟಬೇಕಾಗುತ್ತದೆ. ಇಳಿಯುವ ನಾವೂ ಬಸುರಿ ಹೆಂಗಸಿನ ಹಾಗೆ ಒಂದೊಂದೇ ಹೆಜ್ಜೆ.

ಮೊದಲ ಸುರಂಗಕ್ಕೆ ಮುಂಚೆ ಹುಡುಗ ಕೈ ಚಾಚಿದ. “ಕೊಡಿ ಆಂಟಿ, ನಾನೇ ಓದ್ತೀನಿ. ಟೆಂತ್ ಆದ್ಮೇಲೆ ಕನ್ನಡ ಬುಕ್ ಮುಟ್ಟಿಲ್ಲ. ನಿಧಾನ ಆಗುತ್ತೆ, ಪರವಾಗಿಲ್ವಾ?” ಮೊಬೈಲಿನಲ್ಲಿ ನೆಟ್‌ವರ್ಕ್ ಹೋಗಿತ್ತು ಅನ್ನುವುದು ನನಗೂ ಗೊತ್ತಿತ್ತು. ಇರಲಿ.

ಅವನು ಬೆರಳಿಟ್ಟು ಓದಿದ. ಉದ್ದ ಪದ ಬಂದರೆ ಮೊದಲು ಮನಸ್ಸಿನಲ್ಲಿ ಕೂಡಿಸಿಕೊಂಡು, ಆಮೇಲೆ ಬಾಯಿಬಿಟ್ಟು ಹೇಳುತ್ತಿದ್ದ. ಒತ್ತಕ್ಷರ ಬಂದರೆ ತಲೆ ಸ್ವಲ್ಪ ಬಗ್ಗಿಸುತ್ತಿದ್ದ. ನಾಲ್ಕು ಸಾಲು ಆಗುವಷ್ಟರಲ್ಲಿ ಸುರಂಗ. ಕತ್ತಲಾದ ಕೂಡಲೇ ಬೋಗಿಯಲ್ಲಿದ್ದ ಮಕ್ಕಳೆಲ್ಲ “ಹೋ” ಅಂತ ಕಿರುಚಿದವು. ಈ ಹುಡುಗನೂ ಓದಿದ ಸಾಲಿನ ಮೇಲೆ ಬೆರಳು ಹಾಗೇ ಇಟ್ಟುಕೊಂಡು, ಬಾಗಿಲ ಕಡೆ ಮುಖ ಮಾಡಿ “ಹೋ” ಎಂದ. ಬೆಳಕು ಬಂತು. ಏನೂ ಆಗದವನ ಹಾಗೆ ಮುಂದಿನ ಪದ ಓದಿದ.

ಮೂರನೇ ಸುರಂಗದ ಹೊತ್ತಿಗೆ ನಾನೂ ಕಿರುಚಿದೆ. ಪಕ್ಕದಲ್ಲಿದ್ದ ಬಿಳಿ ಪಂಚೆಯ ಹಿರಿಯರೊಬ್ಬರು ನನ್ನನ್ನು ದುರುಗುಟ್ಟಿ ನೋಡಿದರು. ಆರನೆಯದಕ್ಕೆ ಅವರ ದನಿಯೂ ಕೇಳಿಸಿತು.

ಓದುತ್ತಾ ಓದುತ್ತಾ “ಜಗಲಿ ಅಂದ್ರೆ ಬಾಲ್ಕನಿನಾ?” ಎಂದ. ಅಲ್ಲಪ್ಪ, ಕೆಳಗೇ, ನೆಲದಿಂದ ಸ್ವಲ್ಪ ಎತ್ತರಕ್ಕೆ ಇರುತ್ತೆ, ಮನೆ ಮುಂದೆ, ಬಂದವರು ಚಪ್ಪಲಿ ಬಿಟ್ಟು ಕೂರೋ ಜಾಗ ಅಂದೆ. “ಓ, ನಮ್ಮಜ್ಜಿ ಊರಲ್ಲಿದೆ. ಅಲ್ಲೇ ಮಲಗ್ತಿದ್ದೆ,” ಎಂದು ಅರ್ಧ ನಿಮಿಷ ಓದು ನಿಲ್ಲಿಸಿ ಕಿಟಕಿ ನೋಡಿದ.

“ಬಚ್ಚಲಿನ ಹೊಗೆ ವಾಸನೆ ಬರುತ್ತೆ ನೋಡು, ಅಲ್ಲೇ ಎಲ್ಲೋ ಇದೆ,” ಅಂದೆ ನಾನು. ಆ ಪುಟ, ಈ ಪುಟ ತಿರುಗಿಸಿದ. “ಇಲ್ಲಿಲ್ಲ ಆಂಟಿ.” ಮುಂದೆ ಇರಬೇಕು ಅಂದೆ. ಆದರೆ ಅನುಮಾನ ಶುರುವಾಯಿತು. ಹಸಿ ಸೌದೆಯ ಹೊಗೆ, ಮಸಿ ಹಿಡಿದ ಗೋಡೆ, ಹಂಡೆಯ ಬಾಯಿಗೆ ಮುಚ್ಚಿದ ಹಲಗೆ, ಇವೆಲ್ಲ ಕಾರಂತರು ಬರೆದದ್ದೋ, ನನ್ನ ಅಜ್ಜಿ ಮನೆಯದ್ದೋ? ಇಷ್ಟು ವರ್ಷ ಅವರ ಪುಸ್ತಕದಲ್ಲಿ ನಾನು ನಮ್ಮಜ್ಜಿಯ ಹಂಡೆ ಇಟ್ಟುಕೊಂಡು ಓದುತ್ತಿದ್ದೆನೋ ಏನೋ.

ಎಡಕುಮೇರಿ ಬಂತು. ಸುತ್ತ ಕಾಡು, ಮಳೆ, ಒಂದು ಪುಟ್ಟ ಸ್ಟೇಷನ್. ಆಮೇಲೆ ಶಿರಿಬಾಗಿಲು. ಎರಡೂವರೆ ಗಂಟೆ ಹತ್ತಿರದ ಘಾಟಿಯಲ್ಲಿ ನಾವು ಓದಿದ್ದು ಏಳೇ ಪುಟ. ಕುಮಾರ ಪರ್ವತ ಕಾಣುತ್ತದೇನೋ ಅಂತ ಕತ್ತು ಉದ್ದ ಮಾಡಿದೆ. ಮೋಡ ಬಿಟ್ಟರೆ ಏನೂ ಇಲ್ಲ. ಹುಡುಗ ರಟ್ಟಿನ ಫೋಟೋ ತೆಗೆದುಕೊಂಡ. “ಕೊನೆಗೆ ಏನಾಗುತ್ತೆ ಅಂತ ಹೇಳ್ಬೇಡಿ,” ಎಂದ. ಏನೂ ಆಗೋದಿಲ್ಲ ಅಂತ ಹೇಳಿದ್ದೆನಲ್ಲ, ಅದನ್ನು ಅವನು ನಂಬಿರಲಿಲ್ಲ. ಅಷ್ಟರಲ್ಲಿ ನನಗೂ ನೆನಪಾಯಿತು: ಮಗನ ವಿಷಯ ಹೇಳಲೇ ಇಲ್ಲ! ಗೋಪಾಲಯ್ಯ ದಂಪತಿಗೆ ಮನೆ ಬಿಟ್ಟು ಹೋದ ಮಗನೊಬ್ಬ ಇದ್ದಾನೆ. ಇಡೀ ಕಾದಂಬರಿಯ ನೋವು ಇರುವುದೇ ಅಲ್ಲಿ. ಬಿಸಿನೀರು ನೆನಪಿಟ್ಟು ಮಗನನ್ನು ಮರೆತಿದ್ದೆ.

ಕಬಕ ಪುತ್ತೂರಿನಲ್ಲಿ ಇಳಿದಾಗ ಮೂರು ಗಂಟೆ ದಾಟಿತ್ತು. ಆಟೋದಿಂದ ಇಳಿದು ಅಂಗಳ ದಾಟುವಷ್ಟರಲ್ಲಿ ಅರ್ಧ ಒದ್ದೆ. ಮನೆಯಲ್ಲಿ ಇರುವುದು ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೇ. ಅವರ ಮಗ, ನನ್ನ ತಮ್ಮ, ಜರ್ಮನಿಯಲ್ಲಿದ್ದಾನೆ.

“ಎಂತ ಮಾರಾಯ್ತಿ, ಛತ್ರಿ ಇದ್ದೂ ಹೀಗೆ ಚಂಡಿ ಆಗಿದ್ದೀಯಲ್ಲ!” ಚಿಕ್ಕಮ್ಮ ಬೆಲ್ಲದ ತುಂಡು, ನೀರು ತಂದಿಟ್ಟಳು. “ಕಾಫಿ ಮತ್ತೆ. ಮೊದಲು ಮಿಂದು ಬಾ. ನೀರು ಬಿಸಿ ಉಂಟು.”

“ಸೋಲಾರ್ ಹಾಕಿಸಿದ್ರಲ್ಲ ಚಿಕ್ಕಮ್ಮ?”

“ಈ ಮಳೆಗೆ ಎಂತ ಸೋಲಾರ್? ಹಂಡೆಯೇ ಗತಿ.”

ಒಲೆಗೆ ಒಣಗಿದ ಅಡಿಕೆ ಹಾಳೆ, ತೆಂಗಿನ ಗೆರಟೆ ತುರುಕಿದ್ದರು. ಬಾಗಿಲು ತೆಗೆದದ್ದೇ ಹೊಗೆ ಕಣ್ಣಿಗೆ ಬಂತು. ನಾನು ಬಹಳ ಹೊತ್ತು ಮಿಂದೆ. ಎಷ್ಟು ಹೊತ್ತು ಅಂದರೆ ಹೊರಗಿನಿಂದ ಚಿಕ್ಕಪ್ಪ, “ಬದುಕಿದ್ದೀಯಾ?” ಎಂದು ಕೇಳುವಷ್ಟು.

ಸಂಜೆ ಹಲಸಿನ ಹಪ್ಪಳ. ಜೊತೆಗೆ ಕಾಯಿಚೂರು. ಮಾಡಿಗೆ ಮಳೆ ಬೀಳುವ ಸದ್ದು ಎಷ್ಟಿತ್ತೆಂದರೆ ಬಾಯಲ್ಲಿ ಹಪ್ಪಳ ಮುರಿಯುವ ಸದ್ದೂ ಕೇಳಿಸಲಿಲ್ಲ. ಚಿಕ್ಕಪ್ಪ ನನ್ನ ಪುಸ್ತಕ ಎತ್ತಿ ನೋಡಿದರು. ಕಾರಂತರು ಪರ್ಲಡ್ಕದ ಬಾಲವನದಲ್ಲಿದ್ದ ಕಾಲದಲ್ಲಿ ಇವರು ಶಾಲೆ ಹುಡುಗ. ಎರಡು ಸಲ ದೂರದಿಂದ ನೋಡಿದ್ದರಂತೆ. ಮಾತಾಡಿಸಲಿಲ್ಲವಾ ಅಂದರೆ, “ಹೆದರಿಕೆ ಆಗ್ತಿತ್ತು ಮಾರಾಯ್ತಿ,” ಎಂದು ಇನ್ನೊಂದು ಹಪ್ಪಳ ಮುರಿದರು.

ಅವರ ಕನ್ನಡಕ ಕೇಳಿದೆ. ಒಂದು ಕಡೆ ಕಾಲು ಹೋಗಿ ದಾರ ಕಟ್ಟಿದ್ದರು. ಹಾಕಿಕೊಂಡರೆ ಅಕ್ಷರ ಸೌತೆಬೀಜದಷ್ಟು ದಪ್ಪ. ತಲೆ ಸ್ವಲ್ಪ ತಿರುಗುತ್ತಿತ್ತು, ಆದರೂ ಓದಬಹುದಿತ್ತು. ಮನೆಯಲ್ಲಿ ಇದ್ದದ್ದು ಅದೊಂದೇ. ಅವರಿಗೆ ಪೇಪರ್ ಬಾಕಿ, ನನಗೆ ಪುಸ್ತಕ. ಅರ್ಧ ಗಂಟೆ ಅವರಿಗೆ, ಅರ್ಧ ಗಂಟೆ ನನಗೆ ಅಂತ ಒಪ್ಪಂದವಾಯಿತು. ಗಡಿಯಾರ ನೋಡಿ ಸರಿಯಾಗಿ ಕಸಿದುಕೊಳ್ಳುತ್ತಿದ್ದರು. ಪೇಪರಿನಲ್ಲಿ ಅಡಿಕೆ ಧಾರಣೆ ಓದಲು ಅಷ್ಟು ಹೊತ್ತು ಯಾಕೆ ಬೇಕೋ!

ಚಿಕ್ಕಮ್ಮ ಒಳಗೆ ರಾತ್ರಿಯ ಗಂಜಿಗೆ ಕುಚ್ಚಲಕ್ಕಿ ತೊಳೆಯುತ್ತಿದ್ದಳು. “ಆ ಪುಸ್ತಕ ನಾನೂ ಓದಿದ್ದೇನೆ, ನಿಮ್ಮಮ್ಮನ ಹತ್ತಿರ ಇತ್ತು. ಮದುವೆಗೆ ಮೊದಲು,” ಎಂದಳು ಅಲ್ಲಿಂದಲೇ. ಸ್ವಲ್ಪ ಹೊತ್ತು ಅಕ್ಕಿಯ ಸದ್ದು. “ಅದರಲ್ಲಿ ಒಬ್ಬ ಮಗ ಹೋಗಿರ್ತಾನಲ್ಲ, ಅವ ಕೊನೆಗೆ ಬರ್ತಾನಾ? ನನಗೆ ಮರೆತೇ ಹೋಗಿದೆ.”

ಕನ್ನಡಕ ಆಗ ಚಿಕ್ಕಪ್ಪನ ಮೂಗಿನ ಮೇಲಿತ್ತು. ಅವರೂ ಪೇಪರ್ ಸ್ವಲ್ಪ ಕೆಳಗಿಳಿಸಿ ನನ್ನ ಕಡೆ ನೋಡಿದರು.

“ನನ್ನ ಸರದಿ ಬರಲಿ ಚಿಕ್ಕಮ್ಮ, ಓದಿ ಹೇಳ್ತೇನೆ,” ಅಂದೆ.