ಸಮ್ಮತಿಯ ಪಾಠವನ್ನು ಮೊದಲ ವಾರದಲ್ಲೇ ಮುಗಿಸಬೇಡಿ

ಬೇರೆ ದೇಶದಿಂದ ಓದಲು ಬಂದವರಿಗೆ ಸಮ್ಮತಿಯ, ಅಂದರೆ ದೈಹಿಕ ಸಾಮೀಪ್ಯಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕೆಂಬ ಪಾಠವನ್ನು ಬಂದ ವಾರವೇ, ದೊಡ್ಡ ಸಭಾಂಗಣದಲ್ಲಿ ಮುಗಿಸಿಬಿಡುವುದುಂಟು. ಆಗಿನ್ನೂ ನಿದ್ದೆ ಸರಿಹೋಗಿರುವುದಿಲ್ಲ, ಮನೆ ಸಿಕ್ಕಿರುವುದಿಲ್ಲ. ಹೇಳಿದ್ದು ತಲೆಗೆ ಹೋಗುವುದಿಲ್ಲ. ಮೂರನೇ ವಾರದ ನಂತರ ಇಡಿ. ಗುಂಪಿಗೆ 12ರಿಂದ 15 ಜನ, 90 ನಿಮಿಷ.

ವ್ಯಾಖ್ಯಾನದಿಂದ ಶುರು ಮಾಡಬೇಡಿ, ಸನ್ನಿವೇಶ ಕೊಡಿ. ಒಟ್ಟಿಗೆ ಓದುತ್ತಿರುವ ಇಬ್ಬರು. ಅವನು ಹತ್ತಿರ ಸರಿಯುತ್ತಾನೆ. ಅವಳು ನಗುತ್ತಾಳೆ, ಆದರೆ ಪುಸ್ತಕವನ್ನು ಎದೆಗವಚಿಕೊಂಡು "ನಾಳೆ ಬೇಗ ಏಳಬೇಕು" ಅನ್ನುತ್ತಾಳೆ. ಇದು ಒಪ್ಪಿಗೆಯೇ? ಚರ್ಚೆಗೆ 20 ನಿಮಿಷ ಬಿಡಿ, ಅವಸರ ಬೇಡ. ನೇರವಾಗಿ "ಬೇಡ" ಅನ್ನುವುದು ಒರಟುತನ ಎಂದು ಕಲಿತು ಬೆಳೆದವರು ಎಷ್ಟೋ ಜನ. ಅವರ ನಿರಾಕರಣೆ ನೆಪವಾಗಿ, ಮೌನವಾಗಿ ಬರುತ್ತದೆ. ಸಂಶಯ ಬಂದರೆ ನಿಲ್ಲಿಸಿ ಕೇಳಬೇಕು ಎಂಬುದು ಇಲ್ಲೇ ಮನದಟ್ಟಾಗಬೇಕು.

ಆಮೇಲೆ ವಾಕ್ಯಗಳನ್ನು ಬಾಯಿಬಿಟ್ಟು ಹೇಳಿಸಿ: "ಇದು ನಿನಗೆ ಸರಿಯೇ?", "ನನಗಿಷ್ಟವಿಲ್ಲ, ನಿಲ್ಲಿಸು." ಗಾಬರಿಯಲ್ಲಿ ಎರಡನೇ ಭಾಷೆಯ ಪದ ಹೊಳೆಯುವುದೇ ಇಲ್ಲ. "ಬೇಡ" ಕೇಳಿಸಿಕೊಂಡವರ ಉತ್ತರವೂ ಅಭ್ಯಾಸವಾಗಲಿ: "ಸರಿ, ಹೇಳಿದ್ದು ಒಳ್ಳೆಯದಾಯ್ತು." ಯಾಕೆ ಎಂಬ ಪ್ರಶ್ನೆ ಬೇಡ.

ಕುಡಿದು ಪ್ರಜ್ಞೆ ಮಸುಕಾದವರ "ಹೂಂ" ಸಮ್ಮತಿಯಲ್ಲ. ಒಪ್ಪಿದವರು ನಡುವೆ ಮನಸ್ಸು ಬದಲಾಯಿಸಬಹುದು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಸ್ವೀಡನ್‌ನಲ್ಲಿ 2018ರಿಂದ, ಬಲಪ್ರಯೋಗ ನಡೆಯದಿದ್ದರೂ, ಸ್ವಇಚ್ಛೆ ಇಲ್ಲದ ಲೈಂಗಿಕ ಸಂಪರ್ಕ ಅಪರಾಧ.

ಹಲವರು ಬಿಟ್ಟುಬಿಡುವ ವಿಷಯ ವೀಸಾ. "ನಿನ್ನನ್ನು ವಾಪಸ್ ಕಳಿಸ್ತೀನಿ" ಎನ್ನುವ, ಪಾಸ್‌ಪೋರ್ಟ್ ಬಚ್ಚಿಡುವ ಸಂಗಾತಿ ದೌರ್ಜನ್ಯ ಎಸಗುತ್ತಿದ್ದಾರೆ. ಇದನ್ನು ಸ್ಪಷ್ಟವಾಗಿ ಹೇಳಿ, ಗೋಪ್ಯವಾಗಿ ನೆರವಾಗುವವರ ನಂಬರನ್ನು ಅಲ್ಲೇ ಎಲ್ಲರ ಫೋನಿಗೂ ಹಾಕಿಸಿ.