ಸಾನ್ಯದ ಮೂರು ಚಾಪೆ ಕೋಣೆ

ಟೋಕಿಯೋ ನಕ್ಷೆಯಲ್ಲಿ ಸಾನ್ಯ ಅನ್ನೋ ಬಡಾವಣೆ ಈಗ ಇಲ್ಲ. 1966ರಲ್ಲಿ ವಿಳಾಸಗಳನ್ನು ಬದಲಾಯಿಸುವಾಗ ಆ ಹೆಸರನ್ನೇ ತೆಗೆದುಹಾಕಿದರು. ಈಗ ಅಲ್ಲಿ ಕಿಯೋಕಾವಾ, ನಿಹೊನ್‌ಝುತ್ಸುಮಿ ಅಂತೆಲ್ಲ ಹೆಸರುಗಳಿವೆ. ಹಳಬರು ಮಾತ್ರ ಇವತ್ತಿಗೂ ಸಾನ್ಯ ಅಂತಲೇ ಕರೆಯುತ್ತಾರೆ. ನಾನು ಐದು ರಾತ್ರಿ ಉಳಿದದ್ದು ಅಲ್ಲೇ, ಮಿನಾಮಿ ಸೆಂಜು ಸ್ಟೇಷನ್‌ನಿಂದ ಕಾಲ್ನಡಿಗೆಯ ದೂರದಲ್ಲಿ.

ಅಲ್ಲಿಗೆ ಹೋಗಲು ಮೊದಲ ಕಾರಣ ದುಡ್ಡು. ರಾತ್ರಿಗೆ 3,000 ಯೆನ್ ಚಿಲ್ಲರೆಗೆ ಟೋಕಿಯೋದಲ್ಲಿ ಬೇರೆ ಕಡೆ ಒಬ್ಬರಿಗೇ ಒಂದು ಕೋಣೆ ಸಿಗುವುದು ಕಷ್ಟ. ಕೋಣೆ ಅಂದರೆ ಮೂರು ಟಾಟಾಮಿ ಚಾಪೆ ಹಿಡಿಸುವಷ್ಟು ಜಾಗ, ಅಂದರೆ ಹೆಚ್ಚುಕಮ್ಮಿ ಐದು ಚದರ ಮೀಟರ್. ಹಾಸಿಗೆ ನಾವೇ ಹಾಸಿಕೊಳ್ಳಬೇಕು, ಬೆಳಿಗ್ಗೆ ನಾವೇ ಮಡಚಿಡಬೇಕು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಶೌಚಾಲಯ, ಅಡುಗೆ ಒಲೆ ಎಲ್ಲರಿಗೂ ಸೇರಿ ಒಂದೇ ಕಡೆ. ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತಿತ್ತು. ಆದರೆ ನೆಲ ಕನ್ನಡಿಯ ಹಾಗಿತ್ತು, ಹೊದಿಕೆ ಬಿಸಿಲಿನ ವಾಸನೆ ಬರುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಇಂಥ ವಸತಿಗೆ ಅಲ್ಲಿ ಡೋಯಾ ಅಂತಾರೆ. ಜಪಾನಿ ಭಾಷೆಯಲ್ಲಿ ಯಾದೋ ಅಂದರೆ ತಂಗುವ ಮನೆ. ಅದನ್ನು ತಿರುಗಿಸಿದರೆ ಡೋಯಾ. ಇಲ್ಲಿ ತಂಗುತ್ತಿದ್ದ ದಿನಗೂಲಿಯವರೇ ಹುಟ್ಟಿಸಿದ ಮಾತು, ಯಾದೋ ಅನ್ನುವಷ್ಟು ಯೋಗ್ಯತೆಯೂ ಈ ಗೂಡಿಗಿಲ್ಲ ಅನ್ನೋ ಅರ್ಥದಲ್ಲಿ. 1960ರ ದಶಕದಲ್ಲಿ ಇಲ್ಲಿ 200ಕ್ಕೂ ಜಾಸ್ತಿ ಡೋಯಾಗಳಿದ್ದವು, ಸುಮಾರು 15,000 ಜನ ಇದ್ದರು. ಒಂದೊಂದು ಕೋಣೆಯಲ್ಲಿ ಮೇಲೆ ಕೆಳಗೆ ಮಂಚ ಹಾಕಿ ಎಂಟು ಜನ ಮಲಗುತ್ತಿದ್ದದ್ದೂ ಉಂಟು. ಬೆಳಗಾಗುವ ಮೊದಲೇ ರಸ್ತೆ ಬದಿ ನಿಲ್ಲಬೇಕು, ಮೇಸ್ತ್ರಿ ಬಂದು ಕೈ ತೋರಿಸಿ ಆರಿಸಿದವರು ವ್ಯಾನ್ ಹತ್ತಬೇಕು, ಉಳಿದವರಿಗೆ ಆ ದಿನ ಕೂಲಿ ಇಲ್ಲ. 1964ರ ಒಲಿಂಪಿಕ್ಸ್‌ಗೆ ಟೋಕಿಯೋ ಸಜ್ಜಾದದ್ದು ಇವರ ಬೆನ್ನ ಮೇಲೆ. ರಸ್ತೆ, ಸ್ಟೇಡಿಯಂ, ಸುರಂಗ, ಯಾವುದರಲ್ಲೂ ಇವರ ಹೆಸರಿಲ್ಲ. ಇದ್ದ ಊರಿನ ಹೆಸರನ್ನೂ ಎರಡೇ ವರ್ಷದಲ್ಲಿ ಅಳಿಸಿದರು. ಇದು ನನಗೆ ಇವತ್ತಿಗೂ ನುಂಗಲಾಗದ ಮಾತು.

ಸ್ಟೇಷನ್‌ನಿಂದ ಬರುವಾಗ ನಮಿದಾಬಾಶಿ ಅನ್ನೋ ವೃತ್ತ ಸಿಗುತ್ತದೆ. ಹೆಸರಿನ ಅರ್ಥ ಕಣ್ಣೀರ ಸೇತುವೆ. ಸೇತುವೆಯೂ ಇಲ್ಲ, ಕೆಳಗಿನ ತೊರೆಯೂ ಇಲ್ಲ, ಎರಡನ್ನೂ ಮುಚ್ಚಿ ರಸ್ತೆ ಮಾಡಿದ್ದಾರೆ. ಎದೋ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗಿನ ಶೋಗನ್ ದೊರೆಗಳ ಆಳ್ವಿಕೆಯಲ್ಲಿ, ಹತ್ತಿರದ ಕೊಝುಕಪ್ಪಾರಾದಲ್ಲಿ ಮರಣದಂಡನೆ ಕೊಡುತ್ತಿದ್ದರು, ಮನೆಯವರು ಕೊನೆಯ ಸಲ ಮುಖ ನೋಡುತ್ತಿದ್ದದ್ದು ಈ ಸೇತುವೆಯ ಹತ್ತಿರ ಅಂತ ಹೇಳುತ್ತಾರೆ. ಅಲ್ಲಿ ಸತ್ತವರಿಗಾಗಿ 1741ರಲ್ಲಿ ಕೂರಿಸಿದ ದೊಡ್ಡ ಕಲ್ಲಿನ ಜಿಝೋ ಅನ್ನೋ ಬೋಧಿಸತ್ವನ ಮೂರ್ತಿ ರೈಲು ಹಳಿಗಳ ಪಕ್ಕದಲ್ಲಿ ಈಗಲೂ ಇದೆ. ಯಾರೋ ಮುಂದೆ ಹೂವಿಟ್ಟಿದ್ದರು. ಅದೇ ವೃತ್ತದಲ್ಲಿ ನಿಂತು ತಲೆ ಎತ್ತಿದರೆ 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರ ಕಾಣುತ್ತದೆ.

ಸಂಜೆ ಸೆಂತೋಗೆ ಹೋಗುತ್ತಿದ್ದೆ, ಅಂದರೆ ಬೀದಿಯ ಸ್ನಾನದ ಮನೆಗೆ. ನಾನು ಹೋದಾಗ 550 ಯೆನ್ ಇತ್ತು. ಮೊದಲು ಪುಟ್ಟ ಸ್ಟೂಲ್ ಮೇಲೆ ಕೂತು ಸೋಪು ಹಾಕಿ ಚೆನ್ನಾಗಿ ತೊಳೆದುಕೊಂಡು, ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಆ ನೀರೋ, ಕಾಲಿಟ್ಟರೆ ಸುಡುತ್ತದೆ! ಮೂರನೇ ದಿನ ಪಕ್ಕದಲ್ಲಿದ್ದ ಅಜ್ಜ ಒಬ್ಬರು ಕೈಸನ್ನೆ ಮಾಡಿ ನಿಧಾನ, ನಿಧಾನ ಅಂತ ಇಳಿಸಿಕೊಂಡರು. ಬೆನ್ನು ಬಾಗಿದೆ, ಹೆಗಲು ಮಾತ್ರ ಇನ್ನೂ ಗಟ್ಟಿ. ಎಂಬತ್ತು ದಾಟಿರಬೇಕು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನನ್ನ ಫೋನಿನ ಅನುವಾದ ಹಿಡಿದು ಮಾತಾಡಿದೆವು. ಇಲ್ಲಿಗೆ ಹೇಗೆ ಬಂದೆ ಅಂತ ಕೇಳಿದರು. ಹಿಬಿಯಾ ಲೈನ್ ಅನ್ನೋ ಮೆಟ್ರೋ ರೈಲಿನಲ್ಲಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು ಏನೋ ಹೇಳಿದರು, ಫೋನಿನಲ್ಲಿ ಬಂದದ್ದು ಇಷ್ಟು: 'ಅದರ ಮಣ್ಣು ನಾನೂ ತೆಗೆದಿದ್ದೇನೆ.' ಹಳ್ಳಿ ಬಿಟ್ಟು ಬಂದಾಗ ಹದಿನೆಂಟಂತೆ. ಮತ್ತೆ ವಾಪಸ್ ಹೋಗಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ.

1990ರ ದಶಕದಲ್ಲಿ ಜಪಾನಿನ ಆರ್ಥಿಕತೆ ಕುಸಿದಾಗ ಇಲ್ಲಿ ಕೂಲಿ ಕೆಲಸವೂ ಕಮ್ಮಿಯಾಗುತ್ತಾ ಹೋಯಿತು. ಆಳುಗಳಿಗೆ ವಯಸ್ಸಾಯಿತು. ಈಗ ಎಷ್ಟೋ ಡೋಯಾಗಳಲ್ಲಿ ಇರುವವರು ಸರ್ಕಾರದ ನೆರವಿನ ಹಣದಲ್ಲಿ ಬದುಕುವ ಒಂಟಿ ಮುದುಕರು. 2002ರ ಫುಟ್‌ಬಾಲ್ ವಿಶ್ವಕಪ್ ಸುಮಾರಿಗೆ ಕೆಲವು ಡೋಯಾಗಳು ವಿದೇಶಿ ಪ್ರವಾಸಿಗಳಿಗೆ ಬಾಗಿಲು ತೆರೆದವು, ನಮ್ಮಂಥವರು ಬರಲು ಶುರುವಾದದ್ದು ಹಾಗೆ. ಮೊದಲು ಕೂಲಿಯವರು ಮಲಗುತ್ತಿದ್ದ ಜಾಗ ಇದು. ಅದನ್ನು ತಿಳಿದುಕೊಂಡು ಉಳಿಯುವುದು ಬೇರೆ, ಅಗ್ಗ ಅಂತ ಮಾತ್ರ ಉಳಿಯುವುದು ಬೇರೆ ಅಲ್ವಾ?

ನೀವು ಹೋಗುವುದಾದರೆ ಧೈರ್ಯವಾಗಿ ಹೋಗಿ. ನನಗೆ ಒಂದು ದಿನವೂ ಅಲ್ಲಿ ಭಯ ಆಗಲಿಲ್ಲ. ಮಧ್ಯಾಹ್ನವೇ ಕುಡಿದು ಫುಟ್‌ಪಾತ್ ಮೇಲೆ ಕೂತವರು ಕಾಣುತ್ತಾರೆ, ಅವರ ಪಾಡಿಗೆ ಅವರಿರುತ್ತಾರೆ. ರಾತ್ರಿ ಬಾಗಿಲು ಎಷ್ಟು ಗಂಟೆಗೆ ಹಾಕುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಗೋಡೆಗಳು ತೆಳು, ಮೆಲ್ಲಗೆ ಮಾತಾಡಿ. ಎಲ್ಲಕ್ಕಿಂತ ಮುಖ್ಯ, ಜನರ ಫೋಟೋ ತೆಗೆಯಬೇಡಿ. ಇಲ್ಲಿ ಎಷ್ಟೋ ಜನ ತಮ್ಮವರಿಗೇ ಗೊತ್ತಿಲ್ಲದಂತೆ ಬದುಕುತ್ತಿದ್ದಾರೆ. ಅಸಾಕುಸಾದ ಸೆನ್ಸೋಜಿ ದೇವಸ್ಥಾನಕ್ಕೆ ನಡೆದೇ ಹೋಗಬಹುದು, ನಾನು ದಿನಾ ನಡೆದೆ.

ಹೊರಡುವ ದಿನ ಬೆಳಿಗ್ಗೆ ಹಾಸಿಗೆ ಮಡಚಿಟ್ಟು ಹಿಬಿಯಾ ಲೈನ್ ಹತ್ತಿದೆ. ಮಿನಾಮಿ ಸೆಂಜುವಿನಲ್ಲಿ ಹಳಿ ಮೇಲ್ಸೇತುವೆ ಮೇಲಿದೆ, ಬೀದಿಗಳೆಲ್ಲ ಕೆಳಗೆ ಕಾಣುತ್ತವೆ. ಮುಂದಿನ ಸ್ಟೇಷನ್ ಮಿನೊವಾ ಬರುವಷ್ಟರಲ್ಲಿ ರೈಲು ನೆಲದೊಳಗೆ ಇಳಿಯುತ್ತದೆ. ಬೋಗಿಯಲ್ಲಿದ್ದವರೆಲ್ಲ ಫೋನ್ ನೋಡುತ್ತಿದ್ದರು. ನಾನು ಉಯೆನೋ ಸ್ಟೇಷನ್ ಬರುವವರೆಗೂ ಕಿಟಕಿಯಾಚೆ ಸುರಂಗದ ಗೋಡೆಯನ್ನೇ ನೋಡುತ್ತಾ ನಿಂತಿದ್ದೆ.